ಸುಣ್ಣ ಹಚ್ಚಿದ ಹಳ್ಳ

"ಮೇಡಂಗಾರೂ, ಕೂರ್ಚೋಂಡಿ. ಇದು ಟೆಕ್ನಿಕಲ್ ವಿಷಯ, ನಮಗೆ ಬಿಡಿ" ಎಂದು ನಮ್ಮ ಲೇಔಟ್ ಸಂಘದ ಕಾರ್ಯದರ್ಶಿ ಹೇಳದೇ ಹೋಗಿದ್ದರೆ, ನಾನು ಅವತ್ತು ಎಲ್ಲರ ಜೊತೆ ಕೈ ಎತ್ತಿ, ಚಹಾ ಕುಡಿದು ಮನೆಗೆ ಹೋಗಿಬಿಡುತ್ತಿದ್ದೆ. ಹಳ್ಳದ ಮೇಲಿನ ಪ್ರೀತಿಯಿಂದ ಎದ್ದು ನಿಂತೆ ಎಂದು ಈಗ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ನಾನು ಎದ್ದಿದ್ದು ಒಂದೇ ಒಂದು ಪ್ರಶ್ನೆ ಕೇಳಲು: ಕಾಂಕ್ರೀಟ್ ಹಾಕಿದರೆ ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಉತ್ತರ ಕೊಡುವ ಬದಲು ಕುಳಿತುಕೊಳ್ಳಿ ಎಂದರು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕಳೆದವಳನ್ನು ಅಷ್ಟು ಸುಲಭವಾಗಿ ಕೂರಿಸಲು ಆಗುವುದಿಲ್ಲ.

ನಾವು ಗದಗಿನ ಕಡೆಯವರು. ನನ್ನ ಗಂಡ ನೌಕಾಪಡೆಯಲ್ಲಿ ಇಂಜಿನ್ ರೂಮಿನ ಚೀಫ್ ಆಗಿ ನಿವೃತ್ತರಾದವರು. ಅವರ ಹಿಂದೆ ನಾನೂ ವರ್ಗ ಮಾಡಿಸಿಕೊಂಡು ವಿಶಾಖಪಟ್ಟಣಕ್ಕೆ ಬಂದೆ, ಕೊನೆಗೆ ಇಲ್ಲೇ ಮನೆ ಕಟ್ಟಿ ಉಳಿದುಬಿಟ್ಟೆವು. ದುವ್ವಾಡ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷ ಹೋದರೆ ಗುಡ್ಡದ ಬುಡದಲ್ಲಿ ನಮ್ಮ ಲೇಔಟ್. ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬ ನಿವೃತ್ತ ನಾವಿಕ. ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಇಲ್ಲಿಯವರು ಗೆಡ್ಡ ಎನ್ನುತ್ತಾರೆ. ಅದು ನಮ್ಮ ಹಿಂದಿನ ಸಾಲಿನ ಬೆನ್ನಿಗೇ ಹರಿದು, ಒಂದು ಕಡೆ ಮೊಣಕೈಯಂತೆ ತಿರುಗಿ, ಕೆಳಗಿನ ಹಳ್ಳಿಯತ್ತ ಹೋಗುತ್ತದೆ.

ಲೇಔಟ್ ಮಾಡುವಾಗ ಜೆಸಿಬಿ ತರಿಸಿ ದಂಡೆಯ ಮೇಲಿದ್ದ ಪೊದೆ, ಕೇದಗೆ, ಜೊಂಡು ಎಲ್ಲವನ್ನೂ ಕಿತ್ತು ಬೋಳಿಸಿದ್ದರು. ಹಾವು ಬರುತ್ತವೆ ಎಂದು ನಾವೇ ಹೇಳಿ ಮಾಡಿಸಿದ್ದು. ಅಲ್ಲಿಂದ ಶುರುವಾಯಿತು. ಪ್ರತಿ ಮಳೆಗಾಲಕ್ಕೂ ತಿರುವಿನ ದಂಡೆ ಒಂದೆರಡು ಹೆಜ್ಜೆ ಕುಸಿಯುತ್ತಿತ್ತು. ಹಳ್ಳದ ತಳ ಕೊರೆದು ಆಳವಾಗಿ, ದಂಡೆ ಗೋಡೆಯಂತೆ ನೆಟ್ಟಗೆ ನಿಂತು, ಬೇಸಿಗೆಯಲ್ಲಿ ಅದರೊಳಗೆ ಪ್ಲಾಸ್ಟಿಕ್ ಚೀಲ ಮತ್ತು ಬೀದಿ ನಾಯಿ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ತಿರುವಿನ ಮೇಲೇ ಕಾರ್ಯದರ್ಶಿಯವರ ಮನೆ. ಅವರ ಹಿತ್ತಲ ಗೋಡೆಗೂ ದಂಡೆಯ ಅಂಚಿಗೂ ನಡುವೆ ಎಂಟು ಹೆಜ್ಜೆ ಉಳಿದಿತ್ತು. ಅವರೂ ನಿವೃತ್ತ ಚೀಫ್, ನನ್ನ ಗಂಡನಿಗಿಂತ ಸೀನಿಯರ್. ಅವರ ಭಯ ನಿಜವಾದದ್ದು, ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ತಿರುವನ್ನು ನೇರ ಮಾಡಿ, ಎರಡು ಬದಿಗೂ ತಳಕ್ಕೂ ಕಾಂಕ್ರೀಟ್ ಹಾಕಿಬಿಟ್ಟರೆ ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎನ್ನುವುದು ಅವರ ಯೋಜನೆ.

ನಮ್ಮ ಲೇಔಟಿನಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಏನು ಮಾಡಬೇಕಾದರೂ ಪ್ರತಿ ಮನೆಯ ಕೈಯೂ ಮೇಲೇಳಬೇಕು. ಬಹುಮತ ನಡೆಯುವುದಿಲ್ಲ. ಒಂದೇ ಹಡಗಿನಲ್ಲಿ ಎರಡು ಪಂಗಡವಾದರೆ ಏನಾಗುತ್ತದೆ ಎಂದು ಈ ನಾವಿಕರಿಗೆಲ್ಲ ಗೊತ್ತಂತೆ. ಹಾಗಾಗಿ ಸಾಮಾನ್ಯವಾಗಿ ಚಹಾ ಬರುವ ಮೊದಲೇ ಎಲ್ಲ ಕೈಗಳೂ ಎದ್ದುಬಿಡುತ್ತವೆ. ನಮ್ಮ ಮನೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ನಮ್ಮ ಮನೆಯ ಕೈ ನನ್ನದು. ಅವತ್ತು ನಲವತ್ತು ಕೈ ಎದ್ದವು, ನನ್ನದು ಏಳಲಿಲ್ಲ. ಚಹಾ ಆರಿತು. ಎಲ್ಲರೂ ನನ್ನ ಗಂಡನ ಮುಖ ನೋಡಿದರು, ಅವರು ಚಾವಣಿಯ ಫ್ಯಾನ್ ನೋಡಿದರು.

ಯಾವುದೋ ಪತ್ರಿಕೆಯಲ್ಲಿ, ಹಳ್ಳದ ದಂಡೆಯನ್ನು ಇಳಿಜಾರು ಮಾಡಿ ಬೇರಿನ ಗಿಡ ನೆಟ್ಟು ನಿಲ್ಲಿಸಬಹುದು ಎಂದು ಓದಿದ ನೆನಪಿತ್ತು. ಅಷ್ಟೇ ನನ್ನ ಬಂಡವಾಳ. ಅದನ್ನೇ ಜೋರಾಗಿ ಹೇಳಿದೆ. ಕಾರ್ಯದರ್ಶಿ ನಕ್ಕು, ಒಂದು ಒಪ್ಪಂದಕ್ಕೆ ಬಂದರು. ಒಂದು ಮಳೆಗಾಲ ಕೊಡುತ್ತೇವೆ. ಮುಂದಿನ ದೀಪಾವಳಿಯ ಸಭೆಯವರೆಗೆ ತಿರುವು ನಿಂತರೆ ಕಾಂಕ್ರೀಟಿನ ಸುದ್ದಿ ಎತ್ತುವುದಿಲ್ಲ. ಕುಸಿದರೆ ನೀವು ಕೈ ಎತ್ತಬೇಕು. ಎತ್ತುತ್ತೇನೆ ಎಂದೆ. ಸಂಘದ ಪುಸ್ತಕದಲ್ಲಿ ಬರೆದುಕೊಂಡರು.

ಮನೆಗೆ ಬರುವ ದಾರಿಯಲ್ಲಿ ಗಂಡ ಕೇಳಿದರು: "ನಿನಗ ಗಿಡಾ ನಡಾಕ ಬರತೈತೇನ?"

"ಬರಂಗಿಲ್ಲ. ಕಲೀತೀನಿ."

"ಯಾವಾಗ?"

ಆ ಪ್ರಶ್ನೆಗೆ ಬ್ಯಾಂಕೇ ಉತ್ತರ ಕೊಟ್ಟಿತು. ತಿಂಗಳೊಳಗೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟರೆ ಊರಿಗೆ ಬರುವಂತಿಲ್ಲ. ಕಾರ್ಯದರ್ಶಿಯವರು ಸ್ವೀಟ್ ಬಾಕ್ಸ್ ತಂದು ಶುಭಾಶಯ ಹೇಳಿ ಹೋದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ಮೈ ಉರಿಯಿತು. ಏನಾದರಾಗಲಿ ಬಿಡುವುದಿಲ್ಲ ಎಂದು ಆಗಲೇ ಗಟ್ಟಿಮಾಡಿಕೊಂಡೆ.

ವಿಜಯವಾಡದಲ್ಲಿ ನನಗೆ ಸಿಕ್ಕ ಬಾಡಿಗೆ ಕೋಣೆ ಕಾಲುವೆಯ ಹತ್ತಿರದ ಒಂದು ಬೀದಿಯಲ್ಲಿತ್ತು. ಮಹಡಿಗೆ ಹತ್ತಿದರೆ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತಿತ್ತು. ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಕೆಳಗಿನ ಮನೆಯ ಗೋಡೆಯ ಮೇಲೆ ನನ್ನ ಎದೆಯ ಮಟ್ಟಕ್ಕೆ ಒಂದು ಕಂದು ಗೆರೆ ಇತ್ತು. ಸುಣ್ಣಬಣ್ಣ ಮಾಡಿಸುವಾಗ ಅಷ್ಟು ಬಿಟ್ಟು ಬಳಿಸಿದ್ದರು. ಹಿಂದೊಂದು ಪ್ರವಾಹದಲ್ಲಿ ನೀರು ಅಲ್ಲಿಯವರೆಗೆ ಬಂದಿತ್ತಂತೆ. "ಯಾರನ್ನು ಬೈಯುವುದು ಹೇಳಮ್ಮಾ" ಎಂದರು ಅಜ್ಜಿ. "ಮೇಲಿನವರು ತಮ್ಮ ಜಾಗ ಉಳಿಸಿಕೊಳ್ಳಲು ನೀರನ್ನು ಬೇಗ ಬೇಗ ಕಳಿಸಿದರು. ಅದು ಬಂದು ಇಲ್ಲಿ ನಿಂತಿತು. ನಾನೂ ನೀರು ನಿಲ್ಲುವ ಜಾಗದಲ್ಲೇ ಮನೆ ಕಟ್ಟಿದ್ದೇನೆ."

ಆ ಗೆರೆಯ ಮುಂದೆ ನಿಂತಾಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮ ಹಳ್ಳವನ್ನು ನೇರ ಮಾಡಿ ತಳಕ್ಕೆ ಕಾಂಕ್ರೀಟ್ ಬಳಿದರೆ ನೀರು ಓಡೋಡಿ ಹೋಗಿ ಕೆಳಗಿನ ಹಳ್ಳಿಯ ಮನೆಗಳಿಗೆ ನುಗ್ಗುತ್ತದೆ. ಅಲ್ಲಿಯವರೆಗೆ ನನ್ನದು ಬರೀ ಹಠವಾಗಿತ್ತು. ಅವತ್ತಿನಿಂದ ಹಠಕ್ಕೆ ಒಂದು ಕಾರಣವೂ ಸಿಕ್ಕಿತು. ಇಂಥ ಕೆಲಸ ಮಾಡಿದವರ ವಿಡಿಯೋ, ಲೇಖನ, ಏನು ಸಿಕ್ಕರೆ ಅದನ್ನು ಓದಿ ನೋಡಿ ಸಂಜೆ ಗಂಡನಿಗೆ ಫೋನ್ ಮಾಡತೊಡಗಿದೆ.

ಗಂಡ ಮೊದಲು ಗೊಣಗಿದರು. ಆಮೇಲೆ ಅವರೊಳಗಿನ ಚೀಫ್ ಎದ್ದ. ಜನವರಿಯ ಹೊತ್ತಿಗೆ ಎಂಟು ಜನ ನಿವೃತ್ತ ನಾವಿಕರನ್ನು ಸೇರಿಸಿ ಬೆಳಿಗ್ಗೆ ಆರಕ್ಕೆ ಸಾಲಾಗಿ ನಿಲ್ಲಿಸತೊಡಗಿದರು. ಕೈ ಎತ್ತುವಾಗ ಕಾಂಕ್ರೀಟಿಗೇ ಎತ್ತಿದವರು ಅವರೆಲ್ಲ, ಆದರೆ ಕೆಲಸವೆಂದರೆ ಬೇರೆ ಮಾತು. ಕೆಲಸವಿಲ್ಲದೆ ಕೂತು ಕೂತು ಅವರಿಗೆ ಸಾಕಾಗಿತ್ತು. ನೆಟ್ಟಗಿದ್ದ ದಂಡೆಯನ್ನು ಕಡಿದು ಇಳಿಜಾರು ಮಾಡಿದರು. ತೆಂಗಿನ ನಾರನ್ನು ತುಂಬಿ ಬಿಗಿದ ಉದ್ದನೆಯ ದಿಂಡುಗಳನ್ನು ತರಿಸಿ ದಂಡೆಯ ಪಾದಕ್ಕೆ ಇಟ್ಟು, ಮುಂದೆ ಕಲ್ಲು ಜೋಡಿಸಿದರು. ಮೇಲೆ ಲಕ್ಕಿ ಗಿಡದ ಹಸಿ ಕೋಲುಗಳನ್ನು ಬಡಿದರು. ಅವು ಅಲ್ಲೇ ಚಿಗುರಿ ಬೇರು ಬಿಡುತ್ತವೆ. ಹಡಗಿನ ಹಗ್ಗಕ್ಕೆ ಹಾಕುವ ಗಂಟುಗಳನ್ನೇ ಹಾಕಿ ದಿಂಡುಗಳನ್ನು ಗೂಟಕ್ಕೆ ಬಿಗಿದಿದ್ದರು. ನಾನು ಜಗ್ಗಿ ನೋಡಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಎಲ್ಲವನ್ನೂ ದಾರ ಹಿಡಿದು ಸಾಲಿಗೆ ತಂದಿದ್ದರು, ಅದೇ ತೊಂದರೆ. ಜೊಂಡಿನ ಬುಡಗಳನ್ನು ದಂಡೆಯ ಮೇಲೆ ಒಣನೆಲದಲ್ಲಿ, ಒಂದೇ ಎತ್ತರಕ್ಕೆ, ಗೇಣಿಗೊಂದರಂತೆ ನೆಟ್ಟಿದ್ದರು. ನಾನು ಬಂದ ಒಂದು ಭಾನುವಾರ ಕೆಳಗಿನ ಹಳ್ಳಿಯ ಒಬ್ಬ ಮುದುಕಿ ಎದುರು ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಜೊಂಡಿನಿಂದ ಚಾಪೆ ಹೆಣೆಯುವವಳು. ನಮ್ಮ ಜೆಸಿಬಿ ಬರುವ ಮುಂಚೆ ಇದೇ ತಿರುವಿನಲ್ಲಿ ಜೊಂಡು ಕೊಯ್ಯುತ್ತಿದ್ದವಳು. ಅದು ಹೋದ ಮೇಲೆ ಎರಡು ಬಸ್ ಹಿಡಿದು ಬೇರೆ ಕೆರೆಗೆ ಹೋಗಿ ತರುತ್ತಿದ್ದಳಂತೆ. ಇದನ್ನೆಲ್ಲ ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಸಾಲುಗಳನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಇದೇಮನ್ನಾ ಪೂಲತೋಟಾ ಅಮ್ಮಾ?" ಎಂದಳು. ಇದೇನು ಹೂದೋಟವೇ ಎಂದು.

ಅವಳೇ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಹಳ್ಳಕ್ಕಿಳಿದಳು. ಕಾಲು ಹೂತುಕೊಳ್ಳುವಲ್ಲಿ ಮಾತ್ರ ನೆಡಬೇಕು ಎಂದು ಪಾದ ಊರಿ ಊರಿ ತೋರಿಸಿದಳು. ತಿರುವಿನ ಕೆಳ ತುದಿಯಲ್ಲಿ, ಮಳೆಗೆ ಬಿದ್ದ ಒಂದು ಮತ್ತಿ ಮರದ ಬೊಡ್ಡೆ ಅರ್ಧ ನೀರಿಗೆ ಅಡ್ಡಬಿದ್ದಿತ್ತು. ನನ್ನ ಗಂಡ ಅದನ್ನು ಎಳೆದುಹಾಕಲು ಸರಪಳಿ ತಂದಿದ್ದರು. ಬೇಡ ಎಂದು ಅವಳು ಕೈ ಅಡ್ಡ ಹಿಡಿದಳು. ಅದು ನೀರಿನ ಓಟವನ್ನು ಮುರಿಯುತ್ತದೆ, ಅದರ ನೆರಳಲ್ಲಿ ಮೀನು ನಿಲ್ಲುತ್ತವೆ. ಗಂಡನಿಗೆ ಇಷ್ಟವಾಗಲಿಲ್ಲ. ಹಡಗಿನ ಡೆಕ್ ಮೇಲೆ ಇಂಥ ಬೊಡ್ಡೆ ಬಿದ್ದಿದ್ದರೆ ಯಾರನ್ನಾದರೂ ಶಿಕ್ಷಿಸುತ್ತಿದ್ದರು. ಆದರೂ ಸರಪಳಿ ಸುತ್ತಿಟ್ಟು, ಜೊಂಡನ್ನು ಕಿತ್ತು ಅವಳು ತೋರಿಸಿದ ಕೆಸರಿಗೆ ನೆಟ್ಟರು.

ಮೇ ಕೊನೆಯಲ್ಲಿ ಎರಡು ಒಳ್ಳೆಯ ಮಳೆಯಾಯಿತು. ಜೊಂಡು ಮೊಣಕಾಲೆತ್ತರ ಬಂತು, ಬೊಡ್ಡೆಯ ಬದಿಗೆ ಮಡು ಕಟ್ಟಿತು. ಒಂದು ಮಧ್ಯಾಹ್ನ, ಶಾಖೆಯಲ್ಲಿ ಜನ ತುಂಬಿದ್ದಾಗ, ಗಂಡನ ಫೋನ್.

"ಮರಿ ಬಂದಾವು! ಬೊಡ್ಡಿ ಬಾಜೂಕ. ಕೆಂಪಗ, ಮುಟಗಿಯಷ್ಟು ಗುಂಪು, ಎಲ್ಲಾ ಕೂಡೇ ತಿರಗಾಕತ್ತಾವು. ಕೆಳಗ ತಾಯಿ ಐತಿ, ಇಷ್ಟುದ್ದ!"

"ಇಷ್ಟುದ್ದ ಅಂದ್ರ ಎಷ್ಟ್ರೀ? ಫೋನಿನ್ಯಾಗ ಕೈ ಕಾಣಂಗಿಲ್ಲ."

ಇಲ್ಲಿ ಕೊರ್ರಮೀನು ಎನ್ನುವ ಜಾತಿ ಅದು. ಮರಿಗಳು ದೊಡ್ಡವಾಗುವವರೆಗೆ ತಾಯ್ತಂದೆ ಕಾವಲು ಕಾಯುತ್ತವಂತೆ. ನನ್ನ ಗಂಡ ದಿನಕ್ಕೆ ಎರಡು ಸಲ ಹೋಗಿ ಕೂತು ನೋಡುತ್ತಿದ್ದರು. ನನ್ನ ಹೆರಿಗೆಯ ಹೊತ್ತಿಗೆ ಅವರು ಸಮುದ್ರದ ಮೇಲಿದ್ದರು, ಮಗಳಿಗೆ ಹಲ್ಲು ಬಂದಾಗಲೂ ಸಮುದ್ರದ ಮೇಲೆ. ಈಗ ಮೀನಿನ ಮರಿಯ ಸುದ್ದಿಯನ್ನು ಹೊತ್ತುಹೊತ್ತಿಗೆ ಒಪ್ಪಿಸುತ್ತಿದ್ದರು. ನನಗೆ ನಗು ಬಂತು, ಸಂತೋಷವೂ ಆಯಿತು. ಗೆದ್ದೆ ಅಂದುಕೊಂಡೆ.

ಜೂನಿನಲ್ಲಿ ಕಾರ್ಯದರ್ಶಿ ನೋಟೀಸ್ ಅಂಟಿಸಿದರು: ಮಳೆಗಾಲಕ್ಕೆ ಮುಂಚೆ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿಯಿಂದ ಹಳ್ಳದ ಇನ್‌ಸ್ಪೆಕ್ಷನ್. ಆ ಒಂದು ಪದ ಸಾಕಾಯಿತು. ನೌಕಾಪಡೆಯವರ ಜೊತೆ ಬದುಕಿದವರಿಗೆ ಇದು ಗೊತ್ತು. ಇನ್‌ಸ್ಪೆಕ್ಷನ್ ಎಂದರೆ ಅಲುಗದೆ ನಿಂತಿರುವುದಕ್ಕೆಲ್ಲ ಬಣ್ಣ ಬೀಳುತ್ತದೆ. ರಸ್ತೆಯಂಚಿನ ಕಲ್ಲು, ಮರದ ಬುಡ, ಕೊಳಾಯಿಯ ಕಟ್ಟೆ, ಯಾವುದನ್ನೂ ಬಿಡುವುದಿಲ್ಲ. ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ನನ್ನ ತಪ್ಪೂ ಇದೆ.

ಶನಿವಾರ ಬೆಳಿಗ್ಗೆ ದುವ್ವಾಡದಲ್ಲಿ ರೈಲಿಳಿದು, ಚೀಲ ಮನೆಯಲ್ಲಿಟ್ಟು, ನೇರ ಹಳ್ಳಕ್ಕೆ ಹೋದೆ. ದೂರದಿಂದಲೇ ಬಿಳಿ ಕಂಡಿತು. ದಂಡೆಯ ಪಾದಕ್ಕೆ ಜೋಡಿಸಿದ್ದ ಪ್ರತಿ ಕಲ್ಲಿಗೂ ಸುಣ್ಣ. ಲಕ್ಕಿ ಕೋಲುಗಳ ಬುಡಕ್ಕೆ ಗೇಣುದ್ದ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ. ಕೆಳ ತುದಿಯ ಜೊಂಡನ್ನು ಕತ್ತರಿ ಹಿಡಿದು ಪಾದದೆತ್ತರಕ್ಕೆ ಸಮ ಮಾಡಿದ್ದರು. ಮತ್ತಿಯ ಬೊಡ್ಡೆ ಅಲ್ಲಿರಲಿಲ್ಲ. ಎಳೆದು ದಂಡೆಯ ಮೇಲೆ ಹಾಕಿ, ಅದಕ್ಕೂ ಸುಣ್ಣ ಬಳಿದಿದ್ದರು. ಬಕೆಟ್ಟು ಬ್ರಷ್ಷುಗಳನ್ನು ಮಡುವಿನಲ್ಲೇ ತೊಳೆದಿದ್ದರು. ನೀರು ಮಜ್ಜಿಗೆಯಂತೆ ಬೆಳ್ಳಗಿತ್ತು. ಅದರ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಮರಿಗಳು ತೇಲುತ್ತಿದ್ದವು. ಎಷ್ಟೋ. ಒಂದೂ ಅಲುಗುತ್ತಿರಲಿಲ್ಲ.

ನನ್ನ ಗಂಡ ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಚಹಾ ಸೋಸುವ ಜಾಲರಿ. ಒಂದೊಂದನ್ನೇ ಎತ್ತಿ ಎಲೆಯ ಮೇಲೆ ಇಡುತ್ತಿದ್ದರು.

"ಏನ್ರೀ ಇದು? ಯಾರ್ ಹೇಳಿದ್ರು ನಿಮಗ ಸುಣ್ಣಾ ಹಚ್ಚಾಕ?"

"ಯಾರೂ ಹೇಳ್ಲಿಲ್ಲ." ತಲೆ ಎತ್ತಲಿಲ್ಲ. "ಇನ್‌ಸ್ಪೆಕ್ಷನ್ ಅಂದ್ರು. ಕೈ ತಾನ ಸುಣ್ಣದ ಬಕೆಟ್ಟಿಗೆ ಹೋತು. ಛಂದ ಕಾಣಲಿ ಅಂತ ಮಾಡಿದ್ನಿ. ನೀ ಗೆಲ್ಲಲಿ ಅಂತ."

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈದು ಮುಗಿದ ಮೇಲೆ ಅಳು ಬಂತು. ಅವರೂ ಅತ್ತರು. ನಮ್ಮ ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅವತ್ತೇ ಮೊದಲು.

ಹತ್ತಕ್ಕೆ ಕಾರ್ಯದರ್ಶಿ ಸಮಿತಿಯವರ ಜೊತೆ ಬಂದರು. ನಾನು ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. ಅವರು ದಂಡೆಯ ಈ ತುದಿಯಿಂದ ಆ ತುದಿಗೆ ನಡೆದರು. ಬಿಳಿ ಕಲ್ಲಿನ ಸಾಲು ನೋಡಿದರು, ಸಮನಾದ ಜೊಂಡು ನೋಡಿದರು. ಅವರ ಮುಖ ಅರಳಿತು. "ಮೇಡಂ, ನಿಜ ಹೇಳುತ್ತೇನೆ, ಇಷ್ಟು ನೀಟಾಗಿ ಆಗುತ್ತದೆ ಎಂದುಕೊಂಡಿರಲಿಲ್ಲ. ಇದನ್ನು ಹೀಗೇ ಇಟ್ಟುಕೊಳ್ಳುತ್ತೇವೆ ಎಂದರೆ ಕಾಂಕ್ರೀಟಿನ ಮಾತನ್ನು ಇವತ್ತೇ ಬಿಟ್ಟುಬಿಡೋಣ. ತಿಂಗಳಿಗೊಮ್ಮೆ ಹುಲ್ಲು ಕತ್ತರಿಸುವುದು, ಹಬ್ಬಕ್ಕೆ ಸುಣ್ಣ. ದೀಪಾವಳಿಯವರೆಗೆ ಕಾಯುವುದೇ ಬೇಡ."

ನನಗೆ ಬೇಕಾದದ್ದು ಕೈಗೆ ಬಂದಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಗಂಡ, ಅವರ ಕೈಯಲ್ಲಿ ಮುಚ್ಚಿ ಹಿಡಿದ ಎಲೆ. ನಾನು ಆ ಎಲೆಯನ್ನು ತೆಗೆದುಕೊಂಡು ಸಮಿತಿಯ ಮುಂದೆ ಬಿಚ್ಚಿದೆ.

"ಇದನ್ನು ನೋಡಿ. ನಾವು ಕೊಂದದ್ದು. ಸುಣ್ಣ ಹಚ್ಚಿ ಕೊಂದೆವು. ಇನ್ನು ಮೇಲೆ ಇಲ್ಲಿ ಸುಣ್ಣ ಬೀಳುವುದಿಲ್ಲ. ಜೊಂಡು ಸೊಂಟದೆತ್ತರ ಬೆಳೆಯುತ್ತದೆ, ಕಲ್ಲಿಗೆ ಪಾಚಿ ಕಟ್ಟುತ್ತದೆ, ಹಾವೂ ಬರಬಹುದು. ನೀಟಾಗಿ ಇರುವುದಿಲ್ಲ. ನಿಮ್ಮ ಹೊಸ ಒಪ್ಪಂದ ನನಗೆ ಬೇಡ. ಹಳೆಯದೇ ಇರಲಿ. ಮಳೆ ಬರಲಿ."

ಒಬ್ಬರು ನನ್ನ ಗಂಡನಿಗೆ, "ಚೀಫ್, ಮನೆಯವರಿಗೆ ಸ್ವಲ್ಪ ಹೇಳಿ" ಎಂದರು. ಗಂಡ ಹೋಗಿ ಒಂದು ಬಿಳಿ ಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ದಂಡೆ ಹತ್ತಿದರು. ಅವತ್ತಿನಿಂದ ಎರಡು ವಾರ ಅದೇ ಕೆಲಸ. ಹಡಗಿನ ತುಕ್ಕು ಕೆರೆಯುವ ಸುತ್ತಿಗೆ ಮತ್ತು ತಂತಿ ಬ್ರಷ್ ತಂದು, ಒಂದೊಂದೇ ಕಲ್ಲನ್ನು ನೀರಿನಿಂದ ದೂರ ಒಯ್ದು, ಸುಣ್ಣ ಕೆರೆದು, ಒಣಗಿಸಿ, ಮತ್ತೆ ತಂದಿಟ್ಟರು. ಬೊಡ್ಡೆಯ ಸುಣ್ಣವನ್ನೂ ಕೆರೆದು ನೀರಿಗೆ ಹಾಕಿದರು. ಆದರೆ ಮೊದಲಿದ್ದಂತೆ ಅದು ದಂಡೆಗೆ ಕಚ್ಚಿಕೊಳ್ಳಲಿಲ್ಲ. ಕತ್ತರಿಸಿದ ಜೊಂಡು ಮತ್ತೆ ಎತ್ತರಕ್ಕೆ ಬರಲೇ ಇಲ್ಲ.

ದೊಡ್ಡ ಮಳೆ ಬಂದದ್ದು ದಸರೆಯ ಆಸುಪಾಸಿನಲ್ಲಿ, ಒಂದು ಬುಧವಾರ. ಸಮುದ್ರದಲ್ಲಿ ವಾಯುಭಾರ ಕುಸಿದು ಕರಾವಳಿಯುದ್ದಕ್ಕೂ ಸುರಿಯುತ್ತಿತ್ತು. ರೈಲುಗಳು ನಿಂತಿದ್ದವು. ನಾನು ವಿಜಯವಾಡದ ಶಾಖೆಯಲ್ಲಿ, ಕನ್ನಡಕದ ಮುಂದೆ ಯಾರದೋ ಅರ್ಜಿ ಹಿಡಿದುಕೊಂಡು ಒಂದು ಅಕ್ಷರವೂ ಓದದೆ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಗಂಡ ಫೋನ್ ಮಾಡಿದರು. ಹಿಂದೆ ನೀರಿನ ಮೊರೆತ. ಹಡಗಿನಿಂದ ವರದಿ ಒಪ್ಪಿಸುವವರಂತೆ ಹೇಳುತ್ತ ಹೋದರು.

"ಮ್ಯಾಲಿನ ಸೆಕ್ಷನ್ ಓಕೆ. ನಡುವಿಂದು ಓಕೆ. ಜೊಂಡು ಮಲಗೇತಿ, ಆದ್ರ ಬೇರು ಕಿತ್ತಿಲ್ಲ. ಕಾರ್ಯದರ್ಶಿ ಸಾಹೇಬ್ರ ಗ್ವಾಡಿ ಹತ್ರ ಮಣ್ಣ ಒಂದ್ ಮುಟಗಿನೂ ಹೋಗಿಲ್ಲ."

"ಕೆಳಗಿಂದು?"

"ಕೆಳಗಿಂದು ಹೋತು."

"ಎಷ್ಟು?"

"ನಾಕ್ ಹೆಜ್ಜಿ."

ನಾಲ್ಕು ಹೆಜ್ಜೆ. ಬೊಡ್ಡೆ ಎಳೆದು, ಜೊಂಡು ಕತ್ತರಿಸಿ, ಅಂದ ಮಾಡಿದ್ದ ಅದೇ ಜಾಗ. ಉಳಿದದ್ದೆಲ್ಲ ನಿಂತಿತ್ತು. ನನಗೆ ಆ ಕ್ಷಣ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಕುಸಿದರೆ ಕೈ ಎತ್ತುತ್ತೇನೆ ಎಂದಿದ್ದೆ. ಎಷ್ಟು ಕುಸಿದರೆ ಎಂದು ಹೇಳಿರಲಿಲ್ಲ.

ಆ ಶನಿವಾರ ಊರಿಗೆ ಬಂದವಳೇ ಕೆಳಗಿನ ಹಳ್ಳಿಗೆ ಹೋದೆ. ಚಾಪೆ ಹೆಣೆಯುವ ಮುದುಕಿಯ ಮನೆಯ ಜಗಲಿಯ ಮೆಟ್ಟಿಲವರೆಗೆ ನೀರು ಬಂದು ನಿಂತಿತ್ತು. ಒಳಗೆ ಬಂದಿರಲಿಲ್ಲ. ಅದಕ್ಕೆ ನಮ್ಮ ತಿರುವೇ ಕಾರಣ ಎಂದು ನಾನು ಹೇಳಲಾರೆ, ಅಷ್ಟು ತಿಳಿದವಳು ನಾನಲ್ಲ. ಆದರೆ ನೀರು ಮೆಟ್ಟಿಲಲ್ಲಿ ಬಿಟ್ಟುಹೋದ ಕೆಸರನ್ನು ಅವಳು ಪೊರಕೆಯಲ್ಲಿ ಗುಡಿಸುತ್ತಿದ್ದದ್ದನ್ನು ನೋಡಿದೆ. ಅದೇ ನೀರು ಕಾಂಕ್ರೀಟಿನ ಮೇಲೆ ಜಾರಿ ಬಂದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತು ಎಂದು ಯೋಚಿಸಿದೆ. ವಿಜಯವಾಡದ ಆ ಗೋಡೆಯ ಮುಂದೆ ನಾನು ತಿಂಗಳುಗಟ್ಟಲೆ ಚಪ್ಪಲಿ ಬಿಟ್ಟಿದ್ದೇನೆ. ನಾನೇ ಕೈ ಎತ್ತಿ ಅವಳ ಮನೆಯ ಗೋಡೆಗೆ ಅಂಥದೊಂದು ಗೆರೆ ಎಳೆಸಬೇಕೇ? ವಾಪಸು ಬರುವಷ್ಟರಲ್ಲಿ ಏನು ಮಾಡಬೇಕೆಂದು ನಿರ್ಧಾರವಾಗಿತ್ತು.

ದೀಪಾವಳಿಯ ಸಭೆಗೆ ಎಲ್ಲ ಮನೆಯವರೂ ಬಂದಿದ್ದರು. ಕಾರ್ಯದರ್ಶಿ ಹಿಂದಿನ ವರ್ಷದ ಪುಟವನ್ನು ಓದಿದರು. ದಂಡೆ ಕುಸಿದಿದೆ ಎಂದರು. ಹೌದು ಎಂದೆ. ಕಾಂಕ್ರೀಟಿಗೆ ಒಪ್ಪಿಗೆಯಿರುವವರು ಕೈ ಎತ್ತಿ ಎಂದರು. ಕೈಗಳು ಎದ್ದವು, ಹಿಂದಿನ ವರ್ಷದಷ್ಟು ಬೇಗ ಅಲ್ಲ. ದಿಂಡಿಗೆ ಗಂಟು ಬಿಗಿದಿದ್ದ ಎಂಟು ಜನರೂ ಅಕ್ಕಪಕ್ಕ ನೋಡಿ ಎತ್ತಿದರು. ಕೊನೆಗೆ ನನ್ನದೊಂದೇ ಉಳಿಯಿತು.

"ಮೇಡಂ, ನೀವು ಮಾತು ಕೊಟ್ಟಿದ್ದೀರಿ."

"ಕೊಟ್ಟಿದ್ದೆ. ಮುರಿಯುತ್ತಿದ್ದೇನೆ. ಹಾಗೆಂದೇ ಬರೆದುಕೊಳ್ಳಿ."

ಯಾರೋ ಹಿಂದಿನಿಂದ ಛೆ ಎಂದರು. ಬ್ಯಾಂಕಿನಲ್ಲಿರುವವರು ಹೀಗೆ ಮಾಡಬಹುದೇ ಎಂದು ಇನ್ನೊಬ್ಬರು. ಆ ಮಾತು ನನಗೆ ನಾಟಿತು, ಇಲ್ಲವೆನ್ನುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದವಳು ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಆಗ ನನ್ನ ಗಂಡ ಎದ್ದು ನಿಂತರು. ಸೀನಿಯರ್ ಎದುರು ಎಂದೂ ದನಿ ಎತ್ತದ ಮನುಷ್ಯ. ಕುಸಿದ ಜಾಗ ತಾನು ಸುಣ್ಣ ಹಚ್ಚಿದ ಜಾಗ, ಆ ತಪ್ಪನ್ನು ಮೊದಲು ತನ್ನ ಹೆಸರಿಗೆ ಬರೆಯಿರಿ, ಸರ್, ಎಂದರು. ಹೇಳಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೇ ಇದ್ದರು.

ಕಾರ್ಯದರ್ಶಿ ಪುಸ್ತಕದ ಮೇಲೆ ಪೆನ್ನು ಇಟ್ಟರು. ಆಮೇಲೆ ಕೇಳಿದ್ದು ಸಭೆಯ ದನಿಯಲ್ಲಲ್ಲ.

"ನಾ ಗೋಡ ಪಡಿಪೋತೆ?"

ನನ್ನ ಗೋಡೆ ಬಿದ್ದುಹೋದರೆ ಎಂದು. ಅಷ್ಟು ವಯಸ್ಸಾದವರು ಹಾಗೆ ಕೇಳಿದಾಗ ನಾನು ಎದ್ದು ಅವರ ಮೇಜಿನ ಹತ್ತಿರ ಹೋದೆ.

"ಬಿದ್ದರೆ ನಾನೇ ಕಾರಣ. ಅದನ್ನೂ ಬರೆಯಿರಿ, ಸಹಿ ಹಾಕುತ್ತೇನೆ. ನಿಮ್ಮ ಗೋಡೆಗೆ ಈ ಪುಸ್ತಕವಿದೆ, ಸರ್. ಕೆಳಗಿನ ಹಳ್ಳಿಯವರ ಗೋಡೆ ಬಿದ್ದರೆ ಯಾವ ಪುಸ್ತಕದಲ್ಲಿ ಬರೆಯುತ್ತೀರಿ? ಅವರಿಗೆ ಇಲ್ಲಿ ಎತ್ತಲು ಒಂದು ಕೈಯೂ ಇಲ್ಲ."

ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು ಬರೆದರು. ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸಹಿ ಹಾಕುವ ಮುಂಚೆ ಓದುವುದು ನನ್ನ ಅಭ್ಯಾಸ. ಓದಿದೆ. ಮಾತು ಮುರಿದದ್ದು ಇತ್ತು, ಗೋಡೆಯ ಹೊಣೆ ಇತ್ತು, ಗಂಡನ ಸುಣ್ಣವೂ ಇತ್ತು. ಕೊನೆಯ ಸಾಲಿನಲ್ಲಿ, ಈ ಸದಸ್ಯೆ ಸದ್ಯಕ್ಕೆ ಒಪ್ಪಿಗೆ ಕೊಡಲಿಲ್ಲ ಎಂದಿತ್ತು. ಅದರಲ್ಲಿನ 'ಸದ್ಯಕ್ಕೆ' ಹೊಡೆದುಹಾಕಿ ಎಂದೆ. ಅವರು ನನ್ನ ಮುಖ ನೋಡಿ, ಹೊಡೆದುಹಾಕಿದರು. ಸಹಿ ಹಾಕಿದೆ.